ಸತ್ತನೆಂದು ಭಾವಿಸುವುದು

ರೇಷ್ಮೆಗೂಡು ಮಾರಲು ಸಾತನೂರಿನಿಂದ ರಾಮನಗರಕ್ಕೆ ಹೋದ ಅಪ್ಪ ಮನೆಗೆ ಬರಲಿಲ್ಲ. ಗೂಡು ಹರಾಜಾಗಿತ್ತು, ಮಾರ್ಕೆಟ್ಟಿನ ಎದುರು ಅವನು ಟೀ ಕುಡಿಯುತ್ತಿದ್ದುದನ್ನು ನಮ್ಮೂರಿನವರೊಬ್ಬರು ನೋಡಿದ್ದರು. ಅಷ್ಟೇ. ಪೊಲೀಸರಿಗೆ ದೂರು ಕೊಟ್ಟೆವು. ಚನ್ನಪಟ್ಟಣ, ಮಾಗಡಿಯ ಬಸ್ ನಿಲ್ದಾಣಗಳಲ್ಲಿ ಫೋಟೊ ಅಂಟಿಸಿದೆವು. ಎಲ್ಲಾದರೂ ಗುರುತು ಸಿಗದ ಹೆಣ ಬಂದಿದೆಯೆಂದರೆ ನಾನೂ ಅಮ್ಮನೂ ಹೋಗಿ ನೋಡುತ್ತಿದ್ದೆವು. ಅವನಲ್ಲ ಎಂದು ತಿಳಿದಾಗ ಆಗುತ್ತಿದ್ದ ಸಮಾಧಾನ ವಾಪಸ್ ಬಸ್ಸು ಹತ್ತುವಷ್ಟರಲ್ಲಿ ಇಳಿದುಹೋಗುತ್ತಿತ್ತು.

ಏಳು ವರ್ಷ ಕಳೆದ ಮೇಲೆ ಚಿಕ್ಕಪ್ಪ ಜಮೀನು ಭಾಗ ಮಾಡೋಣ ಎಂದ. ಅದಕ್ಕೆ ಅಪ್ಪನ ಸಹಿ ಬೇಕು, ಇಲ್ಲವೇ ಮರಣ ಪ್ರಮಾಣಪತ್ರ. ಕನಕಪುರದ ವಕೀಲರೊಬ್ಬರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ತಿಳಿಯಬೇಕಿತ್ತೋ ಅವರಿಗೇ ಏಳು ವರ್ಷ ಏನೂ ತಿಳಿಯದಿದ್ದರೆ, ಆ ವ್ಯಕ್ತಿ ಸತ್ತಿದ್ದಾನೆಂದು ಕಾನೂನು ಭಾವಿಸುತ್ತದೆ. ಹಾಗೆಂದು ಹೇಳಿಬಿಡಿ ಎಂದು ಕೋರ್ಟನ್ನು ಕೇಳುವುದು ಘೋಷಣಾ ದಾವೆ. ಕೇಳುವವಳು ವಾದಿ; ಅಂದರೆ ಅಮ್ಮ.

"ಭಾವಿಸೋದು ಅಂದ್ರೆ? ಸತ್ತವ್ರೆ ಅಂತ ಗೊತ್ತಾಗೈತಾ ಅವ್ರಿಗೆ?" ಅಮ್ಮ ಕೇಳಿದಳು.

"ಇಲ್ಲಮ್ಮ. ಗೊತ್ತಿಲ್ಲ ಅಂತಲೇ ಭಾವಿಸೋದು."

"ಆಮ್ಯಾಕೆ ಬಂದ್ಬುಟ್ರೆ?"

"ಬಂದ್ರೆ ಆದೇಶ ರದ್ದು ಮಾಡಿಸಬಹುದು."

ಆ ಮಾತನ್ನು ನಂಬಿಕೊಂಡು ಅಮ್ಮ ಹೆಬ್ಬೆಟ್ಟು ಒತ್ತಿದಳು.

ಸಾಕ್ಷಿಯ ದಿನ ಕಟಕಟೆಯಲ್ಲಿ ನಿಂತ ಅವಳನ್ನು ವಕೀಲರು, "ನಿಮ್ಮ ಯಜಮಾನ್ರು ತೀರಿಕೊಂಡಿದ್ದಾರಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಮನೆಗೆ ಬಂದಿಲ್ಲ, ಅಷ್ಟೇಯ."

ನನ್ನ ಪಕ್ಕ ಕೂತಿದ್ದ ಚಿಕ್ಕಪ್ಪ ಹಲ್ಲು ಕಡಿದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಬದುಕಿದ್ದಿದ್ರೆ ನಿಮಗೆ ಹೇಳಿ ಕಳಿಸ್ತಿರಲಿಲ್ವಾ ತಾಯಿ?"

ಅಮ್ಮ ಕಟಕಟೆಯ ಹಲಗೆ ಹಿಡಿದುಕೊಂಡಳು. "ಕಳಿಸೋರು," ಎಂದಳು. ನ್ಯಾಯಾಧೀಶರು ಪೆನ್ನು ಎತ್ತಿಕೊಂಡು ಬರೆದುಕೊಂಡರು.

ಡಿಕ್ರಿ ಬಂತು. ಡಿಕ್ರಿ ಎಂದರೆ ತೀರ್ಮಾನ ಎಂದು ನಾನೇ ಅಮ್ಮನಿಗೆ ಹೇಳಿದೆ. ಯಾವ ದಿನ ಸತ್ತ ಎಂಬುದು ಮಾತ್ರ ಅದರಲ್ಲಿರಲಿಲ್ಲ. ಅದನ್ನು ಯಾರೂ ಹೇಳಲಾರರು ಎಂದರು ವಕೀಲರು. ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದ್ದೇ ಇದೆಯಲ್ಲ ಎಂದು ಚಿಕ್ಕಪ್ಪ ಹಿರಿಯರ ಹಬ್ಬಕ್ಕೆ ಅಪ್ಪನನ್ನೂ ಸೇರಿಸಿದ. ಅಮ್ಮ ಬೇಡವೆನ್ನಲಿಲ್ಲ. ಬೆಳಗಿನಿಂದ ಒಲೆಯ ಮುಂದಿದ್ದು ಮುದ್ದೆ, ಬಾಡಿನ ಸಾರು ಮಾಡಿದಳು. ತನ್ನ ಕೈಯಾರೆ ಎಲೆ ಹಾಕಿ ಎಡೆ ಇಟ್ಟಳು. ಎಡೆಯ ಪಕ್ಕ ಚಿಕ್ಕಪ್ಪ ತಂದಿಟ್ಟ ಹೊಸ ಪಂಚೆಯನ್ನು ಎತ್ತಿ ಬಿಡಿಸಿ, ಮೊಳ ಹಾಕಿ ನೋಡಿದಳು.

"ಇಷ್ಟು ಗಿಡ್ಡದ್ದು ಉಡಲ್ಲ ಕಣಪ್ಪ ಅವ್ರು," ಎಂದವಳು ಅದನ್ನು ಬಾಯಿಗೆ ಒತ್ತಿಕೊಂಡು ಕುಸಿದಳು. ಅಷ್ಟು ವರ್ಷಗಳಲ್ಲಿ ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿಕ್ಕಪ್ಪ ಸ್ವಲ್ಪ ಹೊತ್ತು ಕಾದು, ಕರ್ಪೂರ ಹಚ್ಚಿದ.