ನೆಗ್ಗಿಲ ಮುಳ್ಳೂ ನಾಲತವಾಡದ ಸೈಕಲ್ಲೂ

ಇಂದು ಬೆಳಿಗ್ಗೆ ತಿರುಗಾಟ ಮುಗಿಸಿ ಬಂದು ಪಡಸಾಲೆಗೆ ಕಾಲಿಟ್ಟಾಗ ಎಡಗಾಲಿನ ಚಪ್ಪಲಿ ಮಾತ್ರ ಟಕ್ ಟಕ್ ಎಂದು ಸದ್ದು ಮಾಡಿತು. ತಿರುಗಿಸಿ ನೋಡಿದರೆ ಅಟ್ಟೆಯಲ್ಲಿ ಒಂದು ನೆಗ್ಗಿಲ ಮುಳ್ಳು ಪದ್ಮಾಸನ ಹಾಕಿ ಕೂತಿತ್ತು. ಗಾತ್ರದಲ್ಲಿ ಕಡಲೆಕಾಳು, ಸ್ವಭಾವದಲ್ಲಿ ಕೊಂಬಿನ ಕೋಣ. ಹೇಗೆ ಎಸೆದರೂ ಒಂದು ಕೊಂಬನ್ನು ಆಕಾಶಕ್ಕೆ ಎತ್ತಿಯೇ ಕೂರುವ ಅದರ ಹಟವನ್ನು ನೀವೂ ಎಂದಾದರೂ ಅಂಗಾಲಿನಲ್ಲಿ ಅನುಭವಿಸಿರುತ್ತೀರಿ. ಬಾಗೇವಾಡಿಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ನನ್ನ ತಂದೆ ಇದಕ್ಕೆ ಗೋಕ್ಷುರ, ಶ್ವದಂಷ್ಟ್ರಾ, ತ್ರಿಕಂಟಕ ಎಂದು ಹೆಸರುಗಳ ಸರಮಾಲೆಯನ್ನೇ ಕಲಿಸಿದ್ದರು. ಹಸುವಿನ ಗೊರಸಿಗೆ ಕ್ಷೌರದ ಕತ್ತಿ, ನಾಯಿಯ ಕೋರೆಹಲ್ಲು, ಮೂರು ಮುಳ್ಳಿನದು ಎಂದು ಅರ್ಥ. ಹೆಸರಿಟ್ಟ ಹಿರಿಯರಿಗೆ ಹಸುವಿನ ಪರಿಚಯವಿತ್ತು, ನಾಯಿಯ ಪರಿಚಯವಂತೂ ಧಾರಾಳವಾಗಿತ್ತು. ಪಾಪ, ಸೈಕಲ್ಲಿನ ಪರಿಚಯ ಇರಲಿಲ್ಲ. ಇದ್ದಿದ್ದರೆ ‘ಚಕ್ರಕಂಟಕ’ ಎಂಬ ಇನ್ನೊಂದು ಹೆಸರನ್ನೂ ಅವರೇ ಇಟ್ಟಿರುತ್ತಿದ್ದರು. ಅವರು ಬಿಟ್ಟುಹೋದ ಆ ಕೆಲಸವನ್ನು ನಾನು ಮಾಡಿದೆ. ಏಕೆ ಮಾಡಬೇಕಾಯಿತೆಂದು ಹೇಳುತ್ತೇನೆ.

ನಮ್ಮ ಸೀಮೆ ಮುಂಬಯಿಯ ಕೈಬಿಟ್ಟು ಮೈಸೂರಿನ ಕೈಹಿಡಿದ ಹೊಸತು. ನನಗೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಆ ಹಳ್ಳಿಯಲ್ಲಿ ಮದುವೆಯಾಗದ ಹೆಣ್ಣುಮಗಳೊಬ್ಬಳಿಗೆ ಕೋಣೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ, ಮೂರು ಮೈಲು ಈಚೆಗಿನ ನಾಲತವಾಡದಲ್ಲಿ ಗಂಗವ್ವ ಎಂಬ ಹಿರಿಯ ಒಕ್ಕಲಗಿತ್ತಿಯ ಮನೆಯ ಮುಂಭಾಗದ ಕೋಣೆ ಹಿಡಿದೆ. ದಾರಿಗೆ ಬಸ್ಸಿಲ್ಲ, ಬಿಸಿಲಿಗೆ ಕರುಣೆಯಿಲ್ಲ. ಸೊಲ್ಲಾಪುರದಲ್ಲಿ ಗುಮಾಸ್ತನಾಗಿದ್ದ ಅಣ್ಣ ನನ್ನ ಅವಸ್ಥೆ ಕೇಳಿ ಹೆಂಗಸರ ಸೈಕಲ್ಲೊಂದನ್ನು ತಂದುಕೊಟ್ಟ. ಬಾಗೇವಾಡಿಯ ಬಯಲಲ್ಲಿ ಬಿದ್ದೂ ಎದ್ದೂ ಕಲಿತ ವಿದ್ಯೆ ಹೇಗೂ ಇತ್ತು. ಸೆರಗನ್ನು ಸೊಂಟಕ್ಕೆ ಬಿಗಿದು ಮೊದಲ ದಿನ ಬಜಾರಿನ ನಡುವೆ ಹೊರಟಾಗ ಅಂಗಡಿಗಳ ತಕ್ಕಡಿಗಳು ಗಾಳಿಯಲ್ಲೇ ನಿಂತವು, ಚಾದಂಗಡಿಯ ಬಶಿಗಳು ತುಟಿಗೂ ಗಲ್ಲಕ್ಕೂ ನಡುವೆ ದಾರಿ ತಪ್ಪಿದವು. ಒಬ್ಬ ಅಜ್ಜ ಎರಡೂ ಕೈ ಮುಗಿದುಬಿಟ್ಟ. ಭಕ್ತಿಯಿಂದಲೋ ಭಯದಿಂದಲೋ ಇಂದಿಗೂ ಬಗೆಹರಿದಿಲ್ಲ.

ಸಂಜೆ ಮರಳಿದಾಗ ಗಂಗವ್ವ ಬಾಗಿಲಲ್ಲೇ ಕಾದಿದ್ದಳು. ಎತ್ತರದ ಆಳು, ಏರು ದನಿ, ಹಣೆಯ ತುಂಬ ವಿಭೂತಿ.

“ಕುದರಿ ಏರಿದ ಹೆಣ್ಣಮಕ್ಕಳ ಕಥಿ ಕೇಳೇನ್ರಿ ಅಕ್ಕಾರ. ಕಬ್ಬಣದ ಕುದರಿ ಏರಿದಾಕಿನ್ನ ಇವತ್ತ ನೋಡಿದೆ. ನಾಳೆ ಬಿದ್ದು ಕಾಲ ಮುರಕೊಂಡ್ರ ಮಂದಿ ಯಾರ ಹೆಸರ ತಗೀತಾರ? ಗಂಗವ್ವನ ಮನ್ಯಾಗ ಇದ್ದಾಕಿ ಅಂತಾರ!”

“ಬೀಳಂಗಿಲ್ಲ ಆಯಿ,” ಎಂದೆ.

“ದೀಪಾವಳಿ ತನಕ ನೋಡ್ತೇನಿ. ಅಷ್ಟರಾಗ ಇದನ್ನ ಬಿಡ್ರಿ, ಇಲ್ಲಾ ಬ್ಯಾರೆ ಮನಿ ನೋಡ್ಕೋರಿ.”

ಬೇರೆ ಮನೆ ಎಲ್ಲಿಯದು? ಊರೆಲ್ಲ ಅಲೆದ ಮೇಲೆ ಸಿಕ್ಕಿದ ಒಂದೇ ಕೋಣೆ ಅದು. ಅದು ಹೋದರೆ ನೌಕರಿಯೂ ಹೋದಂತೆ. ಬಾಗೇವಾಡಿಗೆ ಮರಳಿ, ಅಪ್ಪ ತಂದ ಮೊದಲ ವರನ ಮುಂದೆ ಕೂರುವುದೊಂದೇ ಉಳಿಯುತ್ತಿತ್ತು. ಕಾಲ್ನಡಿಗೆಯಲ್ಲಿ ಬಿಸಿಲು ಕುಡಿದು ಹೋಗಿ, ಅರ್ಧ ಜೀವದಿಂದ ಪಾಠ ಹೇಳುವುದು ನನ್ನಿಂದ ಆಗದ ಮಾತು. ಹೀಗೆ ದೀಪಾವಳಿಯನ್ನು ಹೆದರಿಕೊಂಡು ಎದುರು ನೋಡಿದ್ದು ನನ್ನ ಬಾಳಿನಲ್ಲಿ ಅದೊಂದೇ ವರ್ಷ.

ಗಂಗವ್ವನ ಪಕ್ಷ ವಹಿಸಲು ನಿಸರ್ಗವೂ ಮುಂದೆ ಬಂತು. ಶ್ರಾವಣದ ಮಳೆಗೆ ದಾರಿಯ ಎರಡೂ ಬದಿಗೆ ಪುಟ್ಟ ಪುಟ್ಟ ಎಲೆಯ ಬಳ್ಳಿ ಹಬ್ಬಿ, ಹಳದಿ ಹೂಗಳನ್ನು ಚೆಲ್ಲಿತ್ತು. ನಾನು ಸೈಕಲ್ಲಿಳಿದು ಆ ಹೂಗಳನ್ನು ನೋಡುತ್ತ ನಿಂತದ್ದನ್ನು ಸೈಕಲ್ ಅಂಗಡಿಯ ಹುಸೇನಸಾಬರು ಕಂಡರು.

“ಹೂವು ಚೊಲೋ ಅದಾವ್ರಿ ಅಕ್ಕಾರ,” ಎಂದರು ಅವರು ನಗುತ್ತ. “ಸ್ವಲ್ಪ ತಡೀರಿ, ಕಾಯಿ ಆಗ್ಲಿ. ಆವಾಗ ಇನ್ನೂ ಹೆಚ್ಚ ಹೊತ್ತ ನಿಂದ್ರತೀರಿ.”

ಹಾಗೆಯೇ ಆಯಿತು. ನವರಾತ್ರಿಯ ಹೊತ್ತಿಗೆ ಹೂವೆಲ್ಲ ನೆಗ್ಗಿಲ ಕಾಯಾಗಿ, ಕಾಯೆಲ್ಲ ಒಣಗಿ, ಒಣಗಿದ್ದೆಲ್ಲ ನನ್ನ ಟಯರಿನ ದಾರಿ ಕಾಯತೊಡಗಿತು. ಹೋಗುವಾಗ ಮುಂದಿನ ಗಾಲಿ, ಬರುವಾಗ ಹಿಂದಿನ ಗಾಲಿ. ಉಸ್ಸೆಂದು ಗಾಳಿ ಬಿಟ್ಟ ಸೈಕಲ್ಲನ್ನು ತಳ್ಳಿಕೊಂಡು ನಾನೂ ಉಸ್ಸೆನ್ನುತ್ತ ಬರುವಾಗ ಗಂಗವ್ವ ಕಟ್ಟೆಯ ಮೇಲಿಂದ, “ಯಾಕ್ರಿ, ಇವತ್ತ ಕುದರಿನ್ನ ನೀವ ಕರಕೊಂಡ ಬಂದ್ರೇನು?” ಎಂದು ಕೇಳುವಳು. ಹುಸೇನಸಾಬರು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುವರು, ತೇಪೆ ಹಚ್ಚುವರು, ಟಯರಿನೊಳಗೆ ಹಳೆಯ ರಬ್ಬರಿನ ಪಟ್ಟಿ ಸೇರಿಸುವರು. ನೆಗ್ಗಿಲಿನ ಎದುರು ಯಾವ ಕವಚವೂ ಬಾಳಲಿಲ್ಲ.

ದೀಪಾವಳಿ ಇನ್ನೇನು ಹತ್ತಿರ ಬಂತೆನ್ನುವಾಗ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದ ಮಧ್ಯಾಹ್ನ, ಒಳಗಿನಿಂದ ನರಳುವ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಗಂಗವ್ವ ನೆಲದ ಮೇಲೆ ಬಿದ್ದು ಸೊಂಟದ ಪಕ್ಕ ಹಿಡಿದುಕೊಂಡು ಹೊರಳುತ್ತಿದ್ದಳು. ಆ ಏರು ದನಿ ಹುಳದ ದನಿಯಾಗಿತ್ತು. ಮಗ ಮಲ್ಲಪ್ಪ ಓಡಿ ಚನ್ನಯ್ಯ ವೈದ್ಯರನ್ನು ಕರೆತಂದ. ಅವರು ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ಕೇಳಬೇಕಾದ್ದನ್ನು ಕೇಳಿ, ಮೂತ್ರದ ದಾರಿಯಲ್ಲಿ ಕಲ್ಲಾಗಿದೆ ಎಂದರು.

“ಮಿರಜಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ತೇನ್ರಿ, ಕೊಯ್ಸಿಬಿಡೂಣು,” ಎಂದ ಮಲ್ಲಪ್ಪ.

ಆ ನೋವಿನಲ್ಲೂ ಗಂಗವ್ವ ಎದ್ದು ಕೂತಳು. “ನನ್ನ ಹೊಟ್ಟಿ ಏನ ಕುಂಬಳಕಾಯಿ ಅಂತ ತಿಳದೀಯೇನೋ?”

ಚನ್ನಯ್ಯನವರು ಅವಳನ್ನು ಮಲಗಿಸಿ ಮಗನ ಕಡೆ ತಿರುಗಿದರು. “ಜ್ವರಾ ಬಂತಂದ್ರ, ನೀರ ಕಟ್ಟತಂದ್ರ ಆವತ್ತ ಗಾಡಿ ಹೂಡು, ನಾನೂ ಜೋಡಿ ಬರ್ತೇನಿ. ಅಲ್ಲೀ ತನಕ ನನಗ ಬಿಡು. ಒಣಗಿದ ನೆಗ್ಗಿಲ ಬೇಕ, ಭಾಳ ಬೇಕ. ನನ್ನ ಡಬ್ಬಿ ತಳಾ ಕಂಡೈತಿ.”

“ಅಷ್ಟ ನೆಗ್ಗಿಲ ಎಲ್ಲಿಂದ ತರೂಣ್ರಿ?”

ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಹುಸೇನಸಾಬರಿಗೆ ತಡೆಯಲಾಗಲಿಲ್ಲ. “ಎಲ್ಲಿಂದ ಅಂದ್ರ? ಅಕ್ಕಾರ ಸಾಲಿ ದಾರಿ ತುಂಬ ಅದ ಐತಲ್ಲೋ ಮಾರಾಯಾ!”

ಮರುದಿನ ರವಿವಾರ ಬೆಳಿಗ್ಗೆ ನಾನೂ ಗಂಗವ್ವನ ಸೊಸೆ ನೀಲವ್ವನೂ ಬುಟ್ಟಿ ಹಿಡಿದು ಹೊರಟೆವು. ಆರಿಸಲು ಕೂತ ಮೇಲೆ ಗೊತ್ತಾಯಿತು, ಇದು ಮಲ್ಲಿಗೆ ಬಿಡಿಸುವ ಕೆಲಸವಲ್ಲ. ಬುಟ್ಟಿಯ ತಳ ಮುಚ್ಚುವಷ್ಟರಲ್ಲಿ ಇಬ್ಬರ ಬೆರಳುಗಳೂ ಕೆಂಪಾದವು. ಆಗ ನೀಲವ್ವ, ಹಿಂದೊಮ್ಮೆ ಹೊಲದಲ್ಲಿ ಹಾಸಿದ್ದ ಕಂಬಳಿಯಿಂದ ಇದೇ ಮುಳ್ಳು ಕೀಳಲು ಇಡೀ ಸಂಜೆ ಹಿಡಿದದ್ದನ್ನು ನೆನೆಸಿಕೊಂಡು, ಮನೆಗೆ ಓಡಿ ಹಳೆಯ ಕಂಬಳಿ ತಂದಳು. ನೆಲದ ಮೇಲೆ ಎಳೆದು ನೋಡಿದೆವು. ಕಂಬಳಿಯ ಅಡಿಗೆ ಮುಳ್ಳು ಮುತ್ತಿದವು! ಆದರೆ ಸ್ವಲ್ಪ ದೂರ ಎಳೆಯುವುದರೊಳಗೆ ಉಸಿರು ಮೇಲಕ್ಕೆ ಬಂತು.

“ಅಕ್ಕಾರ, ನಿಮ್ಮ ಸೈಕಲ್ಲಿಗೆ ಕಟ್ಟೂಣೇನ್ರಿ?” ಎಂದಳು ನೀಲವ್ವ.

ಕಟ್ಟಿದೆವು. ನಾನು ಮುಂದೆ ತುಳಿಯುತ್ತ, ಹಿಂದೆ ಹಗ್ಗದ ತುದಿಗೆ ಕಂಬಳಿ, ಅದು ಮಗುಚದಂತೆ ಅಂಚು ಹಿಡಿದ ನೀಲವ್ವ, ಅವಳ ಹಿಂದೆ ನೀರಿಗೆ ಹೊರಟು ಕೊಡ ಇಳಿಸಿಟ್ಟು ಬಂದ ಓಣಿಯ ಹೆಂಗಸರು, ಅವರ ಹಿಂದೆ ಗಾಳಿ ಹಾಕುವ ಪಂಪನ್ನು ಗದೆಯಂತೆ ಹೆಗಲಿಗಿಟ್ಟ ಹುಸೇನಸಾಬರು. ಗಾಲಿಗಳು ತಮ್ಮ ಪಾಲಿನ ಮುಳ್ಳು ಆರಿಸಿಕೊಂಡರೆ ಕಂಬಳಿ ವೈದ್ಯರ ಪಾಲಿನದನ್ನು ಆರಿಸಿಕೊಳ್ಳುತ್ತಿತ್ತು. ಗಾಳಿ ಹೋದಲ್ಲೇ ಸೈಕಲ್ಲು ಮಲಗಿಸಿ ಸಾಬರು ತೇಪೆ ಹಚ್ಚುವರು, ನಾವು ಕಂಬಳಿ ಕೊಡವುವೆವು, ಮತ್ತೆ ಹೊರಡುವೆವು. ಜೋಳದ ಹೊಲದಿಂದ ಯಾರೋ ಕೂಗಿ ಕೇಳಿದರು, “ಏನವ್ವಾ, ಯಾವ ದೇವರ ಮೆರವಣಿಗಿ?”

“ನಮ್ಮ ಅತ್ತಿ ಔಷಧದ್ದು!” ಎಂದು ನೀಲವ್ವ ಕೂಗಿದಳು. ಅತ್ತೆಯ ಎದುರು ಪಿಸುದನಿ ಮೀರದ ಆ ಹುಡುಗಿಗೆ ಇಷ್ಟು ದೊಡ್ಡ ದನಿ ಇದೆಯೆಂದು ಅಂದೇ ತಿಳಿದದ್ದು. ನಕ್ಕೂ ನಕ್ಕೂ ನನಗೆ ಹ್ಯಾಂಡಲ್ಲು ನೇರ ಹಿಡಿಯುವುದೇ ಕಷ್ಟವಾಯಿತು. ಔಷಧ ತರುವ ದಾರಿಯಲ್ಲಿ ನಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲವಷ್ಟೆ.

ಚನ್ನಯ್ಯನವರು ಅದನ್ನು ಜಜ್ಜಿ, ಕುದಿಸಿ, ಬತ್ತಿಸಿ ಕಷಾಯ ಮಾಡಿದರು. ಜೊತೆಗೆ ಕೊಡಗಟ್ಟಲೆ ನೀರು ಕುಡಿಸಲು ಹೇಳಿದರು. ಗಂಗವ್ವ ಪ್ರತಿ ಗುಟುಕಿಗೂ ಒಂದು ಬೈಗುಳ ಸೇರಿಸಿ ನುಂಗಿದಳು. “ಇಷ್ಟ ದಿನ ಕಾಲಾಗ ಚುಚ್ಚತಿತ್ತು. ಈಗ ಗಂಟಲದಾಗ ಇಳ್ಯಾಕತ್ತೈತಿ!” ನೋವು ಬರುವುದು, ಹೋಗುವುದು, ಮತ್ತೆ ಬರುವುದು. ಮಲ್ಲಪ್ಪ ಗಾಡಿಯ ಕೀಲಿಗೆ ಎಣ್ಣೆ ಹಾಕಿ ಸಿದ್ಧವಾಗಿಟ್ಟಿದ್ದ. ಮನೆಯಲ್ಲಿ ದೀಪಾವಳಿಯ ಎಣ್ಣೆ ಕಾಯಿಸಲೂ ಯಾರಿಗೂ ಮನಸ್ಸಿರಲಿಲ್ಲ.

ಹಬ್ಬ ಕಳೆದ ಒಂದು ಮುಂಜಾನೆ ಹಿತ್ತಲಿನಿಂದ ಗಂಗವ್ವನ ಹಳೆಯ ದನಿ ಓಣಿ ನಡುಗುವಂತೆ ಕೇಳಿತು: “ಬಿತ್ತು! ನೀಲವ್ವಾ, ಬಿತ್ತ ನೋಡ!”

ಜೋಳದ ಕಾಳಿನಷ್ಟು ಕಲ್ಲು. ಅದನ್ನು ತೊಳೆದು ಹಿತ್ತಾಳೆಯ ಬಟ್ಟಲಲ್ಲಿಟ್ಟು, ಬಂದ ಬಂದವರಿಗೆಲ್ಲ ಹೆತ್ತ ಕೂಸಿನಂತೆ ತೋರಿಸಿದಳು. ವೈದ್ಯರು ಮಾತ್ರ, “ಅರ್ಧ ಪುಣ್ಯೇ ನೆಗ್ಗಿಲಕ್ಕ, ಅರ್ಧ ನೀರಿಗೆ ಕೊಡವ್ವಾ. ನಾ ನಡುವ ನಿಂತಿದ್ದೆ ಅಷ್ಟ,” ಎಂದು ನಕ್ಕರು. ಆ ದಿನ ಆ ಮನೆಯಲ್ಲಿ ತಡವಾಗಿ, ಆದರೆ ಎರಡರಷ್ಟು ಹೋಳಿಗೆಯೊಂದಿಗೆ ದೀಪಾವಳಿಯಾಯಿತು.

ನನ್ನ ಎದೆಯೊಳಗಿನ ಕಲ್ಲು ಮಾತ್ರ ಇನ್ನೂ ಬಿದ್ದಿರಲಿಲ್ಲ. ಹೋಳಿಗೆ ಮುಗಿಸಿ, ಧೈರ್ಯ ತಂದುಕೊಂಡು ಕೇಳಿದೆ: “ಆಯಿ, ದೀಪಾವಳಿ ಮುಗೀತು. ನನ್ನ ಮನಿ ಮಾತು...”

“ಯಾವ ಮನಿ?” ಎಂದಳು ಅವಳು, ತಟ್ಟೆಗೆ ಇನ್ನೊಂದು ಹೋಳಿಗೆ ಎಸೆಯುತ್ತ. “ತಿನ್ನು ಮಗಳ, ಸುಮ್ಮ.”

ಅಕ್ಕಾರಿನಿಂದ ಮಗಳಿಗೆ ಬಂದ ಆ ಬಡ್ತಿಯಷ್ಟು ಸುಖ ಕೊಟ್ಟ ಬಡ್ತಿ ಮುಂದೆ ಇಡೀ ನೌಕರಿಯಲ್ಲಿ ಇನ್ನೊಂದು ಬರಲಿಲ್ಲ. ಮನುಷ್ಯರ ಮನಸ್ಸು ಯಾವ ದಾರಿಯಿಂದ ಕರಗುತ್ತದೆಂದು ಯಾವ ವೈದ್ಯಗ್ರಂಥವೂ ಹೇಳುವುದಿಲ್ಲ. ಒಬ್ಬರಿಗೊಬ್ಬರು ಬೇಕಾದ ಒಂದು ಹೊತ್ತು ಬಂದರೆ ಸಾಕು, ವಾದದಿಂದ ಆಗದ್ದು ತಾನಾಗಿ ಆಗುತ್ತದೆ.

ಕೆಲವು ದಿನಗಳ ನಂತರ ನಾನು ಶಾಲೆಗೆ ಹೊರಡುವಾಗ ಗಂಗವ್ವ ಒಗೆದ ಇಳಕಲ್ ಸೀರೆಯುಟ್ಟು ಅಂಗಳಕ್ಕೆ ಬಂದಳು. ನನ್ನ ಶಾಲೆಯ ಹಳ್ಳಿಯಲ್ಲೇ ಅವಳ ತಂಗಿ ನಿಂಬೆವ್ವನ ಮನೆ. ಅಲ್ಲಿ ಮೊಮ್ಮಗ ಹುಟ್ಟಿದ್ದ. ಎತ್ತುಗಳು ಹೊಲದಲ್ಲಿದ್ದವು. ಅವಳು ಸೈಕಲ್ಲನ್ನು ಒಂದು ಸುತ್ತು ಹಾಕಿ, ಹಿಂದಿನ ಕ್ಯಾರಿಯರನ್ನು ಕೈಯಿಂದ ಒತ್ತಿ ನೋಡಿದಳು.

“ಇದರ ಮ್ಯಾಲ ಮನಷಾ ಕುಂಡ್ರಬಹುದೇನ?”

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೌದಿಯೊಂದನ್ನು ಮಡಚಿ ಹಾಸಿದಳು. ಗಂಗವ್ವ ಕೂತಳು. ಬಜಾರು ದಾಟುವ ತನಕ ಎರಡೂ ಕೈಯಿಂದ ನನ್ನ ಸೊಂಟ ಹಿಡಿದು ಶಿವನಾಮ ಜಪಿಸಿದಳು. ಊರ ಹೊರಗಿನ ಇಳಿಜಾರಿಗೆ ಬಂದಾಗ ಜಪ ನಿಂತಿತು. ಒಂದು ಕೈ ಸಡಿಲಾಯಿತು. ಕೆಳಗೆ ಹಳ್ಳದವರೆಗೆ ಜೋಳದ ಹಸಿರು, ಕಿವಿಯಲ್ಲಿ ಗಾಳಿ. “ಜೋರ ಬಿಡ ಮಗಳ!” ಎಂದು ಕೂಗಿ, ಹೊಲಗಳಲ್ಲಿದ್ದವರನ್ನೆಲ್ಲ ಹೆಸರು ಹಿಡಿದು ಕರೆದು ಕೈಬೀಸುತ್ತ ಬಂದಳು.

ನಿಂಬೆವ್ವ ಬಾಗಿಲಲ್ಲಿ ಕಲ್ಲಾಗಿ ನಿಂತಳು. “ಅಕ್ಕಾ! ಈ ವಯಸ್ಸಿನ್ಯಾಗ ಏನಿದು?”

“ಕೇಳಿದ್ರ ತಿಳ್ಯಂಗಿಲ್ಲ, ಕುಂತ ನೋಡ್ಬೇಕ,” ಎಂದಳು ಗಂಗವ್ವ ಇಳಿಯುತ್ತ.

ನಿಂಬೆವ್ವ ಓಣಿಯ ಆಚೆ ಈಚೆ ನೋಡಿದಳು. ಸೆರಗು ಬಿಗಿದು ಬಂದು ಕೌದಿಯ ಮೇಲೆ ಕೂತಳು. ಅವಳನ್ನು ಹಳ್ಳಿಯ ಸುತ್ತ ಒಂದು ಸುತ್ತು ಹಾಕಿಸಿ ತರುವಷ್ಟರಲ್ಲಿ ಮುಂದಿನ ಸರದಿಗೆ ಇನ್ನೂ ಮೂವರು ಅಜ್ಜಿಯರು ನಿಂತಿದ್ದರು. ಆ ದಿನ ನಮ್ಮ ಶಾಲೆಯ ಪ್ರಾರ್ಥನೆ ಮಧ್ಯಾಹ್ನಕ್ಕಾಯಿತು.