ವಾರ್ನಿಷ್ ಬಳಿದ ರೈಫಲ್

ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ನಾನು ಅಜೆಕಾರಿನಲ್ಲಿ ಮರದ ಕೆಲಸ ಮಾಡುವವನು. ಗದ್ದೆ ಕಾಯಲಿಕ್ಕೆಂದು ಕೊಟ್ಟ ಕೋವಿ ಲೈಸೆನ್ಸ್ ಉಂಟು. ಬೋಲ್ಟ್ ಆಕ್ಷನ್ ರೈಫಲ್ ಕೊಳ್ಳಲು ಉಡುಪಿಗೆ ಹೋಗಿದ್ದೆ; ಬೋಲ್ಟ್ ಆಕ್ಷನ್ ಎಂದರೆ ಪ್ರತಿ ಗುಂಡಿಗೂ ಚಿಲಕದಂಥದ್ದನ್ನು ಕೈಯಿಂದ ಎಳೆದು ದೂಡಬೇಕಾದದ್ದು. ಅಂಗಡಿಯಲ್ಲಿ ಎರಡಿದ್ದವು, ಒಂದು ಹೊಸತು, ಒಂದು ಹಳೆಯದು. ಗುರಿಯಲ್ಲಿ ಎರಡೂ ಸಮ. ಗುಂಡು ಹೊಡೆದು ನೋಡಿದ ಗುರಿಹಾಳೆಗಳನ್ನು ಅಂಗಡಿಯವರೇ ತೋರಿಸಿದರು. ನಾನು ಹಳೆಯದನ್ನು ಆರಿಸಿದೆ. ಅದರ ಆಕ್ರೋಟು ಮರದ ಹಿಡಿಯಲ್ಲಿ, ಕೈ ಜಾರದಂತೆ, ಯಾರೋ ಕೂದಲಿನಷ್ಟು ಸಣ್ಣ ಗೆರೆಗಳ ಬಲೆಯನ್ನು ಕೈಯಿಂದಲೇ ಕೊರೆದಿದ್ದರು. ಅಂಥ ಕೈ ನನಗಿಲ್ಲ.

ಅದರ ನಂಬರನ್ನು ನನ್ನ ಲೈಸೆನ್ಸಿಗೆ ಏರಿಸುವ ಕಾಗದಪತ್ರಕ್ಕೆ ಒಂದು ವಾರ ಹಿಡಿಯಿತು. ತರಲು ಹೋದಾಗ ರೈಫಲ್ ಮಿರಮಿರ ಮಿಂಚುತ್ತಿತ್ತು. ಗೆರೆಗಳೊಳಗೆಲ್ಲ ವಾರ್ನಿಷ್ ತುಂಬಿ ಗಟ್ಟಿಯಾಗಿತ್ತು.

“ಇದೆಂತ ಮಾಡಿದ್ದು ನೀವು?” ಎಂದು ಕೂಗಿದೆ.

“ಹಳತು ಕಾಣ್ತಿತ್ತಲ್ವಾ, ನಮ್ಮ ಪೇಂಟರ್ ಹತ್ರ ಎರಡು ಕೋಟ್ ಹೊಡೆಸಿದೆ. ಅದಕ್ಕೆ ಚಾರ್ಜಿಲ್ಲ,” ಎಂದರು ಅಂಗಡಿಯವರು.

“ಕೆರೆದು ತೆಗೆದರೆ ಗೆರೆಯೂ ಹೋಗ್ತದೆ ಮಾರಾಯ್ರೆ!”

“ಗೆರೆಯಿಂದ ಗುಂಡು ಹಾರ್ತದಾ? ಗುರಿ ಸರಿ ಉಂಟಲ್ವಾ?”

ಅದನ್ನು ಬಿಟ್ಟು ಬರುವ ಹಾಗಿರಲಿಲ್ಲ. ನಂಬರು ಲೈಸೆನ್ಸಿಗೆ ಆಗಲೇ ಏರಿತ್ತು.

ಮನೆಯಲ್ಲಿ ಹೆಂಡತಿಗೆ ಮಾತ್ರ ಬಹಳ ಸಂತೋಷ. ಟಿವಿ ಇಟ್ಟ ಶೋಕೇಸಿನ ಬಣ್ಣಕ್ಕೆ ಸರಿಯಾಗಿ ಹೊಂದುತ್ತದಂತೆ.