ಮಂಜು ನೋಡಲು ಹೊರಟವನ ಹರಕೆ

ಮಂಜು ನೋಡುವುದಕ್ಕೆಂದೇ ಬೆಟ್ಟ ಹತ್ತಿ ಅಲ್ಲೇ ಒಂದು ರಾತ್ರಿ ಮಲಗಿ ಬರುತ್ತೇವೆಂದು ಆ ಕಾಲದ ಹೊಸೂರಿನಲ್ಲಿ ಯಾರಾದರೂ ಹೇಳಿದ್ದರೆ ಜನ ಅವರ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದರು. ಮಂಜು ಬೇಕಿದ್ದರೆ ಕಾರ್ತಿಕದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಸಾಕಿತ್ತು, ಹಾಲಿನವನ ಸೈಕಲ್ಲು ಕಾಣದಷ್ಟು ಮಂಜು ಬೀದಿಯಲ್ಲೇ ಬಿದ್ದಿರುತ್ತಿತ್ತು. ಅದನ್ನೇ ನೋಡಲು ಬಸ್ಸು ಹತ್ತಿ, ಕಾಡು ದಾಟಿ, ಆನೆಗಳ ಕಣ್ಣು ತಪ್ಪಿಸಿ ಹೋಗುವುದು ಯಾವ ಸೀಮೆಯ ಬುದ್ಧಿವಂತಿಕೆ? ಆದರೂ ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಾವು ಮೂವರು ಹಾಗೆ ಹೋಗುವುದೆಂದು ತೀರ್ಮಾನಿಸಿದೆವು.

ಮೂವರೂ ಊರ ಹೊರಗೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದವರು. ಒಬ್ಬ ಮದರಾಸಿನವನು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿಗೆ ಹೋಗಿ ಬಂದಿದ್ದನಾದ್ದರಿಂದ ಬೆಟ್ಟಗಳ ವಿಷಯ ತನ್ನನ್ನೇ ಕೇಳಬೇಕೆಂಬ ಗತ್ತು. ಇನ್ನೊಬ್ಬ ಬೇರಿಕೆ ಕಡೆಯ ರೈತರ ಮಗ. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ, ಸೂಪರ್‌ವೈಸರ್ ಕಂಡರೆ ತಮಿಳು. ಮೂರನೆಯವನು ನಾನು, ಹೊಸೂರಿನ ಹೈಸ್ಕೂಲು ಮೇಷ್ಟ್ರ ಮಗ. ಊಟದ ಬಿಡುವಿನಲ್ಲಿ ಒಂದು ದಿನ ಮದರಾಸಿನವನು, ಬೆಟ್ಟಮುಗಿಲಾಳದ ಮೇಲೆ ಒಂದು ವ್ಯೂ ಪಾಯಿಂಟ್ ಇದೆಯಂತೆ, ಬೆಳಗಿನ ಹೊತ್ತು ಅಲ್ಲಿಯ ಬಂಡೆಯ ಮೇಲೆ ನಿಂತರೆ ಮೋಡ ನಮ್ಮ ಕಾಲ ಕೆಳಗೆ ಹರಿಯುತ್ತದಂತೆ ಎಂದ. ಯಾರು ಹೇಳಿದರು ಎಂದರೆ ನೆನಪಿಲ್ಲವಂತೆ. ನಮ್ಮ ಯೋಜನೆಯ ಅಡಿಪಾಯ ಇಷ್ಟು ಗಟ್ಟಿಯಾಗಿತ್ತು.

ಗೊಂದಲ ಅಲ್ಲಿಂದಲೇ ಶುರುವಾಯಿತು. ದೆಂಕಣಿಕೋಟೆಗೆ ಬಸ್ಸಿದೆ, ಅದು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ಹೇಗೆ ಎಂಬುದನ್ನು ಕೇಳಿದಷ್ಟೂ ಗೊತ್ತಾಗದಂತಾಯಿತು. ಒಬ್ಬ ಅಯ್ಯೂರಿನವರೆಗೆ ಬಸ್ಸು ಹೋಗುತ್ತದೆ ಎಂದ, ಇನ್ನೊಬ್ಬ ಸೌದೆ ಲಾರಿ ಸಿಕ್ಕರೆ ನಿಮ್ಮ ಪುಣ್ಯ ಎಂದ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಜವಳಗಿರಿ ಮೇಲೆ ಹೋದರೇ ಹತ್ತಿರ ಎಂದು ಆಣೆ ಇಟ್ಟು ಹೇಳಿದ. ಅದು ಪೂರಾ ಬೇರೆ ದಿಕ್ಕೆಂದು ನಮಗೆ ಆಮೇಲೆ ತಿಳಿಯಿತು. ಟೆಂಟು ತರುವ ಜವಾಬ್ದಾರಿ ಹೊತ್ತಿದ್ದ ಮದರಾಸಿನವನು ಕೊನೆಗೆ ತಂದದ್ದು ಲಾರಿಯ ಹಳೇ ಟಾರ್ಪಾಲು. ಅದನ್ನು ಹೊರುವುದಕ್ಕೇ ಒಬ್ಬ ಬೇಕು, ಆ ಒಬ್ಬನ ಸಾಮಾನನ್ನು ಹೊರಲು ಇನ್ನೊಬ್ಬ. ತಿನ್ನಲು ಬ್ರೆಡ್ಡು ಸಾಕೆಂದು ಅವನು, ಬ್ರೆಡ್ಡು ಕಾಯಿಲೆಯವರ ತಿಂಡಿ, ಹುರಿಹಿಟ್ಟು ಕಟ್ಟಿಕೊಳ್ಳೋಣ ಎಂದು ಬೇರಿಕೆಯವನು. ಇದೊಂದೇ ವಿಷಯಕ್ಕೆ ಇಬ್ಬರೂ ಒಂದು ವಾರ ಮಾತು ಬಿಟ್ಟಿದ್ದರು.

ನನಗೆ ಇವೆಲ್ಲಕ್ಕಿಂತ ದೊಡ್ಡ ಭಯ ಮನೆಯದು. ಆ ವರ್ಷ ನಮ್ಮ ಮನೆಯಲ್ಲಿ ಬೇರೆಯೇ ಚಿಂತೆ ಕೂತಿತ್ತು. ಉದ್ದನಪಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಅಕ್ಕ, ಗೌರಿ ಹಬ್ಬಕ್ಕೆಂದು ಬಂದವಳು, ಹಾಗೇ ಉಳಿದಿದ್ದಳು. ಕರೆದುಕೊಂಡು ಹೋಗಲು ಗಂಡನ ಮನೆಯಿಂದ ಯಾರೂ ಬಂದಿರಲಿಲ್ಲ. ಅವರು ಬಂದು ಕರೆಯದೆ ಹೆಣ್ಣು ತಾನಾಗಿ ಹೋಗುವಂತಿಲ್ಲ, ನಾವಾಗಿ ಬಿಟ್ಟು ಬರುವಂತೆಯೂ ಇಲ್ಲ, ಹಾಗೆ ಮಾಡಿದರೆ ಮಾನ ಹೋಯಿತು. ದೀಪಾವಳಿಯೂ ಕಳೆದು ಹೋಯಿತು. ಉದ್ದನಪಲ್ಲಿ ಹಾದು ರಾಯಕೋಟೆ ಕಡೆಯ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಬೀದಿ ಬಾಗಿಲಲ್ಲಿ ಏನಾದರೂ ಕೆಲಸ ಇರುತ್ತಿತ್ತು. ಅಮ್ಮ ಏನೂ ಮಾತಾಡುತ್ತಿರಲಿಲ್ಲ. ಅಕ್ಕ ಇಡೀ ದಿನ ಅಕ್ಕಿ ಕೇರುವುದು, ಬಟ್ಟೆ ಒಗೆಯುವುದು, ಒಗೆದದ್ದನ್ನೇ ಮತ್ತೆ ಒಗೆಯುವುದು. ಇಂಥ ಮನೆಯಲ್ಲಿ ಮೋಡ ನೋಡಲು ಹೋಗುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಧೈರ್ಯ ಮಾಡಿ, ಬೆಟ್ಟಮುಗಿಲಾಳದ ಬೆಟ್ಟದ ಮೇಲೆ ಒಂದು ರಾತ್ರಿ ಇದ್ದು ಬರುತ್ತೇನೆ ಎಂದಷ್ಟೇ ಹೇಳಿದೆ. ಅಪ್ಪ ಗುಡುಗುತ್ತಾರೆಂದು ಕಿವಿ ಗಟ್ಟಿ ಮಾಡಿಕೊಂಡಿದ್ದೆ. ಅವರು ತಟ್ಟೆಯಲ್ಲಿ ಕೈ ನಿಲ್ಲಿಸಿ ಅಮ್ಮನ ಮುಖ ನೋಡಿದರು. ಅಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಎದ್ದು ಒಳಗೆ ಹೋದಳು. ಆಮೇಲೆ ಅಪ್ಪ, ಹುಷಾರಾಗಿ ಹೋಗಿ ಬಾ ಎಂದರು. ಎಂಟು ಮೈಲಿ ದೂರದ ಸಿನಿಮಾಕ್ಕೂ ಎಂಟು ಪ್ರಶ್ನೆ ಕೇಳುತ್ತಿದ್ದ ಮನುಷ್ಯ ಇನ್ನೊಂದು ಮಾತು ಕೇಳಲಿಲ್ಲ.

ಅಂದಿನಿಂದ ಮನೆಯವರೆಲ್ಲ ನನಗೆ ಅರ್ಥವಾಗದಂತೆ ನಡೆದುಕೊಳ್ಳತೊಡಗಿದರು. ಅಪ್ಪ ತಮ್ಮ ಉಣ್ಣೆಯ ಶಾಲನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟರು. ಅಮ್ಮ ಯಾವ ವಾರ ಹೊರಡುತ್ತೀಯ ಎಂದು ಕೇಳಿದಳು. ಶನಿವಾರ ಎಂದೆ. ಸೋಮವಾರ ಅಲ್ಲಿರುವ ಹಾಗೆ ಹೋದರೆ ಒಳ್ಳೆಯದು, ಬೇಕಾದರೆ ರಜಾ ಹಾಕು ಎಂದಳು. ನೆಗಡಿಗೆ ರಜಾ ಹಾಕಿದರೂ ಸಂಬಳ ಹಿಡಿಯುತ್ತಾರೆ ಎಂದು ಗೊಣಗುತ್ತಿದ್ದವಳು ಅವಳು! ಆ ವಾರವಿಡೀ ಮನೆಗೆ ಕೋಳಿಮೊಟ್ಟೆ ತರಬಾರದೆಂದು ಕಟ್ಟಪ್ಪಣೆಯಾಯಿತು. ಸಂತೆಯಿಂದ ಒಂದು ಹೊಸ ಮಣ್ಣಿನ ಮಡಕೆ ಬಂತು. ಹೊಸ ಅಕ್ಕಿ, ಅಚ್ಚು ಬೆಲ್ಲ, ಹೆಸರುಬೇಳೆ ಎಲ್ಲ ಬೇರೆ ಬೇರೆ ಗಂಟಾದವು. ಕ್ಯಾಂಪಿನ ಅಡಿಗೆಗೆ ಅಮ್ಮ ಎಷ್ಟು ಯೋಚನೆ ಮಾಡಿದ್ದಾಳೆ ಎಂದು ನಾನು ಸ್ಟೋರ್ಸಿನಲ್ಲಿ ಜಂಭ ಕೊಚ್ಚಿದೆ. ಪಕ್ಕದ ಮನೆಯಾಕೆ ತೆಂಗಿನಕಾಯಿ ತಂದುಕೊಟ್ಟು, ನನ್ನ ಕೈ ಹಿಡಿದು, ನಿನ್ನಂಥ ತಮ್ಮ ಎಲ್ಲರಿಗೂ ಸಿಗಲಿ ಎಂದಾಗ ಮಾತ್ರ ನನಗೆ ತಲೆ ಕೆಟ್ಟುಹೋಯಿತು. ಬೆಟ್ಟ ಹತ್ತುವುದಕ್ಕೂ ತಮ್ಮನಾಗಿರುವುದಕ್ಕೂ ಏನು ಸಂಬಂಧ?

ಈ ನಡುವೆ ಶಿಫ್ಟ್ ಬದಲಾಗಿ ಪ್ರಯಾಣ ಮುಂದಕ್ಕೆ ಹೋಯಿತು. ಮತ್ತೆ ಗೊತ್ತುಮಾಡಿದ ದಿನ ಮದರಾಸಿನವನಿಗೆ ಜ್ವರ ಬಂತು. ನನಗೂ ಉತ್ಸಾಹ ಇಳಿದು, ಬಿಟ್ಟೇಬಿಡೋಣ ಎನ್ನಿಸಿ ಮನೆಯಲ್ಲಿ ಹಾಗೇ ಹೇಳಿದೆ. ಅಮ್ಮ ಬಿಳಿಚಿಕೊಂಡಳು. ಅಂದುಕೊಂಡದ್ದನ್ನು ಬಿಡಬಾರದು, ಬಿಟ್ಟರೆ ನಿನಗಲ್ಲ, ಯಾರಿಗಾಗಿ ಅಂದುಕೊಂಡಿದ್ದೀಯೋ ಅವರಿಗೆ ಕೇಡು ಎಂದಳು. ನಾನು ಯಾರಿಗಾಗಿಯೂ ಏನನ್ನೂ ಅಂದುಕೊಂಡಿರಲಿಲ್ಲ. ಆದರೆ ಅವಳ ಮುಖ ನೋಡಿ, ಸರಿ, ಹೋಗುತ್ತೇನೆ ಎಂದೆ.

ಹೊರಡುವ ದಿನ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಅಕ್ಕ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹತ್ತಿರ ಬಂದಳು.

“ನೀನು ಮುನಿಯಪ್ಪಂಗೆ ಏನ್ ಹೊತ್ಕೊಂಡಿದ್ದೀಯ ಅಂತ ನಾನು ಕೇಳಾಕಿಲ್ಲ. ಕೇಳ್ಬಾರ್ದು ಅಂತ ಗೊತ್ತು. ಆದ್ರೆ ಅವ್ರು ಬಂದು ನನ್ನ ಕರ್ಕೊಂಡೋಗ್ಲಿ ಅಂತ ಹೊತ್ಕೊಂಡಿದ್ರೆ, ಅದೊಂದ್ ಬ್ಯಾಡ ಕಣ್ಲಾ. ಬೇರೆ ಏನಾರ ಕೇಳ್ಕೋ.”

ನನಗೆ ಆಗಷ್ಟೇ ಎಲ್ಲ ತಿಳಿಯಿತು. ನಾವು ಹೊರಟಿದ್ದ ಬಂಡೆಯ ಮೇಲೆ ಬೆಟ್ಟದ ಮುನಿಯಪ್ಪ ಎಂಬ ದೇವರ ಕಲ್ಲಿತ್ತು. ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಈ ಸಂಗತಿ ನಮ್ಮ ವ್ಯೂ ಪಾಯಿಂಟ್ ಪಂಡಿತನಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಹರಕೆ ಹೊತ್ತವರು ಹೊಸ ಮಡಕೆಯಲ್ಲಿ ಅಲ್ಲಿ ಸಿಹಿ ಪೊಂಗಲು ಇಟ್ಟು, ಒಂದು ರಾತ್ರಿ ಮಲಗಿ ಬರಬೇಕು. ತೀರಿಸುವ ತನಕ ಹರಕೆ ಏನೆಂದು ಬಾಯಿ ಬಿಡಬಾರದು, ಮನೆಯವರು ಕೇಳಲೂಬಾರದು. ಬೆಟ್ಟದ ಮೇಲೆ ಒಂದು ರಾತ್ರಿ ಎಂದು ನಾನು ಅಂದದ್ದೇ ತಡ, ಅಕ್ಕನಿಗಾಗಿ ಹರಕೆ ಹೊತ್ತಿದ್ದೇನೆಂದು ಮನೆಯವರಷ್ಟೇ ಅಲ್ಲ, ಬೀದಿಯೂ ತೀರ್ಮಾನಿಸಿಬಿಟ್ಟಿತ್ತು. ಮೋಡ ನೋಡಲು ಯಾರಾದರೂ ಹೋಗುತ್ತಾರೆಂದು ಯಾರಿಗೂ ಹೊಳೆಯಲೇ ಇಲ್ಲ.

ಹರಕೆಯೂ ಇಲ್ಲ ಏನೂ ಇಲ್ಲ, ಸುಮ್ಮನೆ ನೋಡಲು ಹೋಗುತ್ತಿದ್ದೇನೆ ಎಂದೆ. ಅಕ್ಕ ತಲೆಯಾಡಿಸಿ, ಹೊತ್ತವರು ಹಾಗೇ ಹೇಳಬೇಕು, ಸರಿಯಾಗೇ ಹೇಳಿದೆ ಎಂದಳು. ಇದಕ್ಕೆ ಏನು ಮಾಡುವುದು? ಆ ಮನೆಯಲ್ಲಿ ಏನಾಯಿತು, ಹೊಡೆಯುತ್ತಾರಾ ಎಂದು ಕೇಳಿದೆ.

“ಹೊಡೆಯಾಕಿಲ್ಲ. ಹೊಡೆದಿದ್ರೆ ಅಪ್ಪಂಗೆ ಹೇಳಾಕಾರ ಒಂದ್ ಮಾತಿರ್ತಿತ್ತು. ಎರಡ್ನೇ ಸಲ ಬಸಿರು ಇಳಿದೋದ್ಮೇಲೆ ಅವ್ರು ನನ್ನ ಮಾತಾಡ್ಸೇ ಇಲ್ಲ. ಮನೇಲಿ ಯಾರೂ ಮಾತಾಡ್ಸಾಕಿಲ್ಲ. ತಟ್ಟೆ ಇಡ್ತಾರೆ, ಹೋಗ್ತಾರೆ.”

ಅಷ್ಟರಲ್ಲಿ ಅಮ್ಮ ಬಚ್ಚಲ ಬಾಗಿಲಿಗೆ ಬಂದಳು. ಅಕ್ಕ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು. ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಬೆಟ್ಟದ ವಿಷಯ ಹೆಚ್ಚು ಹೇಳುವಂಥದ್ದೇನಿಲ್ಲ. ಅಯ್ಯೂರಿನವರೆಗೆ ಸೌದೆ ಲಾರಿಯೇ ಸಿಕ್ಕಿತು. ಮುಂದೆ ನಡೆದು, ದಾರಿ ತಪ್ಪಿ, ಆನೆ ಲದ್ದಿ ಕಂಡು ಓಡಿ, ಮತ್ತೆ ದಾರಿ ಸಿಕ್ಕಿ, ಸಂಜೆಗೆ ಬಂಡೆಯ ಮೇಲಿದ್ದೆವು. ಬೆಳಿಗ್ಗೆ ಎದ್ದರೆ ಮೋಡ ಕಾಲ ಕೆಳಗೆ ಹರಿಯಲಿಲ್ಲ, ನಮ್ಮ ಮೇಲೆಯೇ ಕೂತಿತ್ತು. ಪಕ್ಕದಲ್ಲಿದ್ದವನ ಕೆಮ್ಮು ಕೇಳುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಮದರಾಸಿನವನು ಟಾರ್ಪಾಲು ಹೊದ್ದು, ವ್ಯೂ ಎಲ್ಲಿ ಎಂದು ತಮಿಳಿನಲ್ಲಿ ಯಾರನ್ನೋ ಬೈಯುತ್ತಿದ್ದ. ಬೇರಿಕೆಯವನು ಮಡಕೆ ಕಂಡೊಡನೆ ಸಂಗತಿ ಏನೆಂದು ತಿಳಿದುಕೊಂಡು, ಒಂದೂ ಪ್ರಶ್ನೆ ಕೇಳದೆ ಮೂರು ಕಲ್ಲಿಟ್ಟು ಒಲೆ ಹೂಡಿದ. ಪೊಂಗಲು ಉಕ್ಕಿದಾಗ ನನ್ನ ತೋಳು ಹಿಡಿದು ಕಲ್ಲಿನ ಮುಂದೆ ನಿಲ್ಲಿಸಿದ.

ನಾನು ಕೈ ಮುಗಿದು ನಿಂತೆ. ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಅಮ್ಮ ಅಪ್ಪ ಒಂದಕ್ಕೆ ಕಳಿಸಿದ್ದಾರೆ, ಅಕ್ಕ ಅದು ಬೇಡ ಎಂದಿದ್ದಾಳೆ, ನನಗೋ ದೇವರ ಹತ್ತಿರ ಕೇಳಿ ರೂಢಿಯೇ ಇಲ್ಲ. ಅವಳು ಹೋಗದೆ ಉಳಿದರೆ ಊರಿನ ಬಾಯಿಗೆ ಯಾರು ಉತ್ತರ ಕೊಡುವುದು, ಹೋದರೆ ಆ ತಟ್ಟೆಯ ಮುಂದೆ ಅವಳು ಎಷ್ಟು ವರ್ಷ ಕೂರುವುದು ಎಂದೆಲ್ಲ ಯೋಚಿಸುತ್ತ ನಿಂತಿದ್ದೆನೇ ಹೊರತು ಏನನ್ನೂ ಕೇಳಿಕೊಳ್ಳಲಿಲ್ಲ. ತಳ ಹಿಡಿದ ಪೊಂಗಲನ್ನು ಮೂವರೂ ತಿಂದು ಇಳಿದು ಬಂದೆವು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅವರು ಬಂದರು. ಭಾವ, ಅವರ ದೊಡ್ಡಪ್ಪ, ಒಂದು ಚೀಲ ಬಾಳೆಹಣ್ಣು, ಒಂದು ಮೊಳ ಕನಕಾಂಬರ. ಅಪ್ಪ ಕುರ್ಚಿಗಳನ್ನು ತಾವೇ ಒರೆಸಿದರು. ಅವರು ಅಷ್ಟು ಸಡಗರದಿಂದ ಓಡಾಡಿದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ. ಒಳಗೆ ಹೋಗುವಾಗ ನನ್ನ ಬೆನ್ನು ತಟ್ಟಿ ಹೋದರು. ದೊಡ್ಡಪ್ಪ ಒಳ್ಳೆಯ ಮನುಷ್ಯ. ರಾಗಿ ಕೊಯ್ಲು, ಒಕ್ಕಣೆ ಎಂದು ತಡವಾಯಿತು, ಆದದ್ದು ಆಯಿತು, ಊಟ ಮುಗಿಸಿ ಮಗಳನ್ನು ಹೊರಡಿಸಿ, ಸಂಜೆ ಬಸ್ಸಿಗೆ ಹೋಗುತ್ತೇವೆ ಎಂದರು. ಭಾವ ನೆಲ ನೋಡುತ್ತ ಕೂತಿದ್ದರು. ನಡುಮನೆಯ ಬಾಗಿಲಲ್ಲಿ ಅಕ್ಕನ ಸೀರೆಯ ಸೆರಗು ಕಾಣುತ್ತಿತ್ತು. ಸೆರಗು ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

ನಾನು ಯೋಚಿಸಿ ಮಾತಾಡಿದೆ ಎಂದರೆ ಸುಳ್ಳಾದೀತು. ಬಾಯಿಂದ ಬಂದುಬಿಟ್ಟಿತು.

“ದೊಡ್ಡಪ್ಪ, ಬೆಟ್ಟದ ಮುನಿಯಪ್ಪಂಗೆ ಹರಕೆ ತೀರ್ಸಿ ಬಂದಿವ್ನಿ, ಈಗ ಹೇಳ್ಬೋದು. ಅಕ್ಕ ನಮ್ ಮನೇಲೇ ಇರ್ಲಿ ಅಂತ ಹೊತ್ಕೊಂಡಿದ್ದೆ.”

ಅಪ್ಪನ ಕೈಲಿದ್ದ ನೀರಿನ ಚೆಂಬು ಹಾಗೇ ನಿಂತಿತು. ಪೊಂಗಲು ಇಟ್ಟೆಯಾ, ರಾತ್ರಿ ಮಲಗಿದೆಯಾ ಎಂದು ದೊಡ್ಡಪ್ಪ ಕೇಳಿದರು. ಎರಡಕ್ಕೂ ಹೂಂ ಎಂದೆ, ಎರಡೂ ನಿಜವೇ ಆಗಿತ್ತು. ಅವರು ಗಡ್ಡ ಕೆರೆದುಕೊಂಡರು. ಆಮೇಲೆ ಎದ್ದು, ಹೆಗಲ ಮೇಲಿನ ಟವೆಲ್ಲು ಕೊಡವಿ, ದೇವರಿಗೆ ಸಂದಾಯವಾಗಿದ್ದನ್ನು ನಾವು ಎಳೆದುಕೊಂಡು ಹೋದರೆ ನಮ್ಮ ಮನೆಗೆ ಒಳ್ಳೆಯದಾಗದು ಎಂದು ಅಪ್ಪನಿಗೆ ಹೇಳಿದರು. ಊಟಕ್ಕೂ ನಿಲ್ಲಲಿಲ್ಲ. ಭಾವ ಬಾಗಿಲು ದಾಟುವಾಗ ಒಂದು ಸಲ ತಲೆಯೆತ್ತಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಮತ್ತೇನಿತ್ತೆಂದು ನನಗೆ ತಿಳಿಯಲಿಲ್ಲ.

ಅಪ್ಪ ನನ್ನನ್ನು ಬೈಯಲೂ ಇಲ್ಲ, ನೋಡಲೂ ಇಲ್ಲ, ಅಂಗಳಕ್ಕೆ ಹೋಗಿ ಕೂತರು. ಅಮ್ಮನ ಮುಖ ನೋಡಲು ನನಗೆ ಹೆದರಿಕೆ. ಅಷ್ಟೆಲ್ಲ ವ್ರತ ಹಿಡಿದು ಮಡಕೆ ಕಟ್ಟಿಕೊಟ್ಟವಳ ಆಸೆಗೆ ನಾನೇ ಕಲ್ಲು ಹಾಕಿದ್ದೆ. ಅಡಿಗೆಮನೆಗೆ ಹೋದೆ. ಬಂದವರಿಗೆಂದು ಮಾಡಿದ್ದ ಅನ್ನವನ್ನು ಅಮ್ಮ ನಮ್ಮ ತಟ್ಟೆಗಳಿಗೆ ಬಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ಸೌಟು ನಿಲ್ಲಿಸದೆ ಹೇಳಿದಳು.

“ನೀನು ಹೊತ್ಕೊಂಡಿದ್ಯೋ ಇಲ್ವೋ, ಅದು ನಂಗ್ ಬ್ಯಾಡ. ನಾನು ಹೊತ್ಕೊಂಡಿದ್ದು ಅದನ್ನೇ ಕಣ್ಲಾ.”

ನನ್ನನ್ನು ಸಮಾಧಾನ ಮಾಡಲು ಆಗಿನ ಮಟ್ಟಿಗೆ ಹಾಗೆಂದಳೋ, ಅಥವಾ ಅಪ್ಪನ ಎದುರು ಹೇಳಲಾಗದ್ದನ್ನು ಗೌರಿ ಹಬ್ಬದಿಂದಲೂ ಒಬ್ಬಳೇ ನುಂಗಿಕೊಂಡಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲೂ ಇಲ್ಲ. ನಿಜವೇ ಆಗಿದ್ದರೆ, ಅಮ್ಮ ಮಗಳು ಇಬ್ಬರೂ ಅಷ್ಟು ತಿಂಗಳು ಒಂದೇ ಒಲೆಯ ಮುಂದೆ ಕೂತು, ಒಂದೇ ಮಾತನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಉದ್ದನಪಲ್ಲಿಯಿಂದ ಬಂದ ಮೇಲೆ ಅವಳು ಗಟ್ಟಿಯಾಗಿ ಅತ್ತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.